‘ಕಂಡುಬಂದಿಲ್ಲ’ ಎಂದಿದ್ದ ಚೀಟಿ

ಹಿರೇಸಾಲಗೇರಾ, ಶಹಾಪುರ ತಾಲೂಕು
13 ಮೇ 2025

ಬೆಂಗಳೂರಿನ ರಕ್ತ ಸರ್ವೆ ಕಚೇರಿಯಲ್ಲಿ ಈ ಪತ್ರ ಯಾರ ಕೈಗೆ ಸಿಗುತ್ತದೋ ಅವರಿಗೆ,

ನಾನು ಬಸಣ್ಣ, ಈ ಊರಿನ ಪೋಸ್ಟ್ ಮಾಸ್ಟರ್. ಟಪಾಲು ಹಂಚುವವನೂ ನಾನೇ, ಕಚೇರಿಯ ಕಸ ಹೊಡೆಯುವವನೂ ನಾನೇ. ಇಪ್ಪತ್ತೊಂಬತ್ತು ವರ್ಷದ ಸರ್ವಿಸ್‌ನಲ್ಲಿ ಇಂಥ ಟಪಾಲು ನೋಡಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಹೋದ ವಾರ ನಿಮ್ಮಿಂದ ಹನ್ನೊಂದು ಕವರು ಬಂದವು. ಹನ್ನೊಂದೂ ನಮ್ಮ ಊರವರ ಹೆಸರಿಗೆ. ಆದರೆ ಆ ಹೆಸರಿನವರು ಒಬ್ಬರೂ ಊರಲ್ಲಿಲ್ಲ. ಎಲ್ಲರೂ ನಿಮ್ಮ ಬೆಂಗಳೂರಿನಲ್ಲೇ, ಬೈಯಪ್ಪನಹಳ್ಳಿಯ ಬಾಡಿಗೆ ರೂಮುಗಳಲ್ಲಿ ಇದ್ದಾರೆ. ರಕ್ತ ತೆಗೆದದ್ದು ಅಲ್ಲಿ, ರಿಸಲ್ಟು ಕಳಿಸಿದ್ದು ಐನೂರು ಕಿಲೋಮೀಟರು ದೂರದ ಇಲ್ಲಿಗೆ. ಇದು ಯಾವ ಜಾಣರ ಕೆಲಸ, ಸ್ವಲ್ಪ ತಿಳಿಸಿ.

ನಮ್ಮಲ್ಲಿ ಮೊದಲಿನಿಂದ ಒಂದು ಪದ್ಧತಿ ಇದೆ. ಕೋರ್ಟಿನ ನೋಟೀಸಿರಲಿ, ಶಾಲೆಯ ಕಾಗದವಿರಲಿ, ಆಸ್ಪತ್ರೆಯ ಚೀಟಿಯಿರಲಿ, ಓದಿ ಅರ್ಥ ಹೇಳುವವನು ನಾನು. ದುರ್ಗೇಶನ ತಾಯಿ ಭೀಮಬಾಯಿ ಬಂದು ಕಚೇರಿಯ ಬಾಗಿಲಲ್ಲಿ ಕೂತುಬಿಟ್ಟಳು. “ಬಸಣ್ಣಾ, ನನ್ನ ಮಗನ ರಕ್ತದಾಗ ಏನು ಬಂದದ, ಒಡದು ಓದು” ಅಂದಳು. “ಹೆಸರಿದ್ದಾತನೇ ಒಡೀಬೇಕವ್ವ, ರೂಲ್ಸ್ ಅದ” ಅಂದೆ. “ನಿನ್ನ ರೂಲ್ಸಿಗೆ ಬೆಂಕಿ ಹಚ್ಚಲಿ, ನಾನು ಹಡದಾಕಿ” ಅಂದಳು. ಒಡೆದೆ.

ಒಳಗೆ ಮೂರು ಚೀಟಿ. ‘ಮರಳು ನೊಣದಿಂದ ಹರಡುವ ವೈರಸ್‌ಗೆ ಪ್ರತಿಕಾಯ’ ಎಂದು ಮೂರರಲ್ಲೂ ಅಚ್ಚಾಗಿದೆ. ದುರ್ಗೇಶ, ಮೂವತ್ತೊಂದು: ಕಂಡುಬಂದಿದೆ. ಅವನ ಹೆಂಡತಿ ಸೌಂದರ್ಯಾ, ಇಪ್ಪತ್ತೇಳು: ಕಂಡುಬಂದಿದೆ. ಮಗಳು ಧನುಶ್ರೀ, ಆರು: ಕಂಡುಬಂದಿಲ್ಲ. ಕೆಳಗೆ ಒಂದು ರಬ್ಬರ್ ಸ್ಟಾಂಪು. ಅಷ್ಟೇ.

ಪ್ರತಿಕಾಯ ಎಂಬ ಶಬ್ದ ನನಗೆ ಗೊತ್ತಿಲ್ಲ. ವೈರಸ್ ಗೊತ್ತು, ಕಂಡುಬಂದಿದೆ ಎಂಬುದೂ ಗೊತ್ತು. ಕರೋನಾ ಕಾಲದಲ್ಲಿ ಈ ಊರಿಗೆ ಬಂದ ಒಂದೊಂದು ಚೀಟಿಯನ್ನೂ ಓದಿದವನು ನಾನೇ. ಈಗ ನೀವು ನೇರವಾಗಿ ಹೇಳಿ. ಗಂಡ ಹೆಂಡತಿಗೆ ಇರುವುದು ಮಗುವಿಗೆ ತಗಲುತ್ತದೆಯೇ? ಮಗುವಿಗೆ ಇಲ್ಲ ಎಂದರೆ ಅದು ಪಾರಾದ ಹಾಗೆ ತಾನೇ?

ಕವರಿನ ಮೇಲಿದ್ದ ನಿಮ್ಮ ನಂಬರಿಗೆ ಆರು ಸಲ ಫೋನು ಮಾಡಿದೆ. ಯಾರೂ ಎತ್ತಲಿಲ್ಲ. ಟಪಾಲಿನವನು ಟಪಾಲಿಗೇ ಬರಬೇಕಾಯಿತು.

ಉತ್ತರಕ್ಕೆ ಕಾದಿರುವ,
ಬಸಣ್ಣ

*

ಶಿವಾಜಿನಗರ, ಬೆಂಗಳೂರು
29 ಮೇ 2025

ಪೋಸ್ಟ್ ಮಾಸ್ಟರ್ ಬಸಣ್ಣ ಅವರಿಗೆ,

ನಿಮ್ಮ ಪತ್ರ ನಾಲ್ಕು ಟೇಬಲ್ ಸುತ್ತಿ ನನ್ನ ಹತ್ತಿರ ಬಂತು. ನಾನು ಫಹ್ಮಿದಾ. ಆ ಮನೆಗಳಲ್ಲಿ ರಕ್ತ ತೆಗೆದವಳು ನಾನೇ. ನೀವು ಕೇಳಿದ ಜಾಣರೂ ನಾನೇ.

ಹೇಗಾಯಿತು ಅಂದರೆ, “ಅಡ್ರೆಸ್ ಹೇಳಿ” ಅಂದಾಗ ಎಲ್ಲರೂ ಆಧಾರ್ ಕಾರ್ಡು ತೆಗೆದು ಕೈಗಿಟ್ಟರು. ಅವರ ರೂಮುಗಳಿಗೆ ನಂಬರಿಲ್ಲ. ರೈಲ್ವೆ ಗೋಡೆಗೆ ಅಂಟಿಕೊಂಡು ಶೀಟಿನ ಸಾಲು, ಓನರು ಒಬ್ಬ, ಬಾಗಿಲು ಇಪ್ಪತ್ತೆರಡು. ದಿನಕ್ಕೆ ಮೂವತ್ತು ಮನೆ ಮುಗಿಸಬೇಕಿತ್ತು. ಕಾರ್ಡಿನಲ್ಲಿ ಇದ್ದದ್ದನ್ನು ಹಾಗೇ ಇಳಿಸಿಕೊಂಡೆ. ಕವರುಗಳೆಲ್ಲ ನಿಮ್ಮ ಊರಿಗೆ ಹೊರಟಿವೆ ಎಂದು ನಿಮ್ಮ ಪತ್ರ ಓದಿದ ಮೇಲೇ ಹೊಳೆದದ್ದು. ತಪ್ಪಾಯಿತು, ಬೈಯಿರಿ.

ನನ್ನ ಕನ್ನಡದಲ್ಲಿ ತಪ್ಪಿದ್ದರೂ ಬೈಯಿರಿ. ಮನೆಯಲ್ಲಿ ದಖ್ನಿ, ಬೀದಿಯಲ್ಲಿ ತಮಿಳು, ಆದರೆ ನಾನು ಓದಿದ್ದು ಸರ್ಕಾರಿ ಕನ್ನಡ ಶಾಲೆಯಲ್ಲಿ.

ದುರ್ಗೇಶನ ಮನೆ ನನಗೆ ಚೆನ್ನಾಗಿ ನೆನಪಿದೆ. ಆ ಹುಡುಗಿಯಿಂದಾಗಿ. ಸೂಜಿ ನೋಡಿ ಅವಳು ಅಳಲಿಲ್ಲ. “ಫಸ್ಟು ನಿಂದು ತೆಗಿ, ಆಮೇಲೆ ನಂದು” ಅಂದಳು. ಅಪ್ಪ ಅಮ್ಮ ನಿಮ್ಮ ಕಡೆಯ ಮಾತಾಡುತ್ತಾರೆ, ಅವಳದು ಪಕ್ಕಾ ಬೈಯಪ್ಪನಹಳ್ಳಿ. ರಕ್ತ ತೆಗೆದಾದ ಮೇಲೆ, “ಇದನ್ನ ಎಲ್ಲಿಗ್ ತಗೊಂಡ್ ಹೋಗ್ತೀಯ?” ಎಂದು ಕೇಳಿದಳು. “ಫ್ರಿಜ್ಜಿಗೆ” ಅಂದೆ. “ಚಳಿ ಆಗಲ್ವಾ ಅದಕ್ಕೆ?” ಅಂದಳು. ನಾನು ನಗುತ್ತ ನಗುತ್ತ ಲೇಬಲ್ ತಪ್ಪಾಗಿ ಅಂಟಿಸಿ ಮತ್ತೆ ಕಿತ್ತು ಅಂಟಿಸಬೇಕಾಯಿತು. ಸೌಂದರ್ಯಾಳ ಸೊಂಟದ ಮೇಲೆ ಇನ್ನೊಂದು ಇತ್ತು, ಎದೆಹಾಲು ಕುಡಿಯುವ ಗಂಡುಮಗು. ಎರಡು ವರ್ಷದೊಳಗಿನ ಮಕ್ಕಳ ರಕ್ತ ನಾವು ತೆಗೆಯುವುದಿಲ್ಲ.

ಈಗ ನಿಮ್ಮ ಪ್ರಶ್ನೆ. ದಯವಿಟ್ಟು ಊರವರಿಗೆ ಹೇಳಿ, ಪ್ರತಿಕಾಯ ಎಂದರೆ ರೋಗವಲ್ಲ. ಆ ವೈರಸ್ ಹಿಂದೆ ಯಾವಾಗಲೋ, ಬಹುಶಃ ಚಿಕ್ಕವರಿದ್ದಾಗ, ಮೈಗೆ ಬಂದಿತ್ತು, ಮೈ ಅದನ್ನು ಗೆದ್ದಿತು ಎಂಬುದರ ಗುರುತು. ಒಬ್ಬರಿಂದ ಒಬ್ಬರಿಗೆ ತಗಲುವುದಿಲ್ಲ. ನಿಮ್ಮ ಜಿಲ್ಲೆಗಳಿಂದ ಬಂದ ದೊಡ್ಡವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಈ ಗುರುತು ಸಿಕ್ಕಿದೆ. ಎಷ್ಟು ಜನರಿಗಿದೆ ಎಂದು ಎಣಿಸುವುದೇ ನಮ್ಮ ಸರ್ವೆಯ ಕೆಲಸ. ಔಷಧಿ ಬೇಡ, ಬೇರೆ ಇಡುವುದು ಬೇಡ, ಏನೂ ಬೇಡ.

‘ಕಂಡುಬಂದಿಲ್ಲ’ ಎಂದವರ ಬಗ್ಗೆ ಬರೆಯಲು ಏನೂ ಇಲ್ಲ. ಧನುಶ್ರೀ ಆರಾಮಾಗಿದ್ದಾಳೆ, ಅವಳ ಚಿಂತೆ ಬಿಡಿ.

ಇಲ್ಲಿ ಬಕ್ರೀದ್ ಹತ್ತಿರ ಬಂತು, ಅದರ ಮೇಲೆ ನನ್ನ ತಂಗಿ ಮೆಹ್ವಿಶ್‌ಳ ಮದುವೆ. ಮನೆಯಲ್ಲಿ ಕಾಲಿಡಲು ಜಾಗವಿಲ್ಲ. ಅದಕ್ಕೇ ಇಷ್ಟಕ್ಕೆ ನಿಲ್ಲಿಸುತ್ತೇನೆ.

ಫಹ್ಮಿದಾ

*

ಹಿರೇಸಾಲಗೇರಾ
9 ಜೂನ್ 2025
ರಿಜಿಸ್ಟರ್ಡ್, ಅಕ್ನಾಲೆಜ್‌ಮೆಂಟ್ ಸಹಿತ

ತಂಗಿ ಫಹ್ಮಿದಾ,

ಮೇಡಂ ಅನ್ನುವುದನ್ನು ಬಿಟ್ಟೆ, ಬೇಸರವಿಲ್ಲ ತಾನೇ? ನಿಮ್ಮ ಕನ್ನಡ ನಮ್ಮ ಶಾಲೆಯ ಮಾಸ್ತರಿಗಿಂತ ನೆಟ್ಟಗಿದೆ. ಇದನ್ನು ಅವರ ಎದುರಿಗೇ ಹೇಳಿದೆ. ಮೂರು ದಿನದಿಂದ ನನ್ನ ಜೊತೆ ಮಾತಿಲ್ಲ.

ನಿಮ್ಮ ಪತ್ರವನ್ನು ಕಟ್ಟೆಯ ಮೇಲೆ ಜೋರಾಗಿ ಓದಿದೆ. ಅರ್ಧ ಊರು ನಂಬಿತು, ಅರ್ಧ ಊರು ಗೊಣಗಿತು. ಮುದುಕರಿಗೆ ಮಾತ್ರ ಏನೇನೋ ನೆನಪಾಯಿತು. ಇಲ್ಲಿ ಹಿಂದೆ ಮಳೆಗಾಲದಲ್ಲಿ ಮಕ್ಕಳಿಗೆ ಜ್ವರ ಬರುತ್ತಿತ್ತು. ಬೆಳಿಗ್ಗೆ ಆಡಿದ ಕೂಸು ಮರುದಿನ ಇರುತ್ತಿರಲಿಲ್ಲ. ಗಾಳಿ ಬಡಿಯಿತು ಎಂದು ತಾಯಿತ ಕಟ್ಟುತ್ತಿದ್ದರು. ನನ್ನ ತಮ್ಮನೊಬ್ಬ ಹಾಗೇ ಹೋದ. ಅವನಿಗೆ ನಾಲ್ಕು ವರ್ಷ, ನನಗೆ ಏಳು.

ಅದಿರಲಿ. ನಿಮಗೊಂದು ಸುದ್ದಿ. ನಿಮ್ಮ ಧನುಶ್ರೀ ಈಗ ಇಲ್ಲೇ ಇದ್ದಾಳೆ. ನಿಮ್ಮ ಪತ್ರ ಬರುವ ಮೊದಲೇ, ಮೇ ಇಪ್ಪತ್ತೈದಕ್ಕೆ ದುರ್ಗೇಶ ತಂದು ಬಿಟ್ಟು ಹೋದ. ಅಪ್ಪ ಅಮ್ಮನಿಗೆ ವೈರಸ್ ಅದೆ, ಕೂಸಿಗೆ ತಗಲಬಾರದು ಎಂದು ಭೀಮಬಾಯಿ ಹಟ ಹಿಡಿದು ಕರೆಸಿಕೊಂಡಳು. ಎದೆಹಾಲಿನ ಮಗುವನ್ನು ಬಿಡಿಸುವ ಹಾಗಿರಲಿಲ್ಲ, ಅದು ತಾಯಿಯ ಹತ್ತಿರವೇ ಉಳಿಯಿತು. ನಿಮ್ಮ ಪತ್ರದ ವಿಷಯ ಫೋನಿನಲ್ಲಿ ಹೇಳಿದಾಗ ಸೌಂದರ್ಯಾ, “ಹಂಗಾದ್ರ ನನ್ನ ಮಗಳ್ನ ವಾಪಸ್ ಕಳಸ್ರಿ” ಎಂದು ಅತ್ತಳು. “ಮೇಡಂ ಚಿಂತಿ ಬಿಡ್ರಿ ಅಂತ ಬರದಾರ, ಸಾಲಿಗೂ ಹಚ್ಚೀವಿ, ಇರಲಿ ಬಿಡು” ಎಂದಳು ಭೀಮಬಾಯಿ. ಹಾಗಾಗಿ ಇದ್ದಾಳೆ.

ಶಾಲೆ ಬಿಟ್ಟ ಕೂಡಲೇ ಕಚೇರಿಗೆ ಓಡಿ ಬರುತ್ತಾಳೆ. ಸ್ಟಾಂಪು ಒತ್ತಬೇಕು. ಹಾಳು ಕಾಗದ ಕೊಟ್ಟರೆ ಮುಖ ಊದಿಸುತ್ತಾಳೆ, ನಿಜವಾದ ಟಪಾಲೇ ಬೇಕು. ಈ ಕವರಿನ ಮೇಲೆ ಸ್ಟಾಂಪು ಸೊಟ್ಟಗೆ ಬಿದ್ದಿದ್ದರೆ ಅದು ಅವಳ ಕೆಲಸ.

ಒಂದೇ ಒಂದು ಪ್ರಶ್ನೆ, ಅದಕ್ಕಾಗಿಯೇ ರಿಜಿಸ್ಟರ್ಡ್ ಮಾಡಿದ್ದೇನೆ. ಮರಳು ನೊಣ ಎಂದರೆ ಯಾವುದು? ಭೀಮಬಾಯಿಯ ಮನೆ ಮಣ್ಣಿನ ಗೋಡೆಯದು, ಆ ಕಡೆ ಎಮ್ಮೆ, ಈ ಕಡೆ ಅಜ್ಜಿ ಮೊಮ್ಮಗಳ ಹಾಸಿಗೆ. ಗೋಡೆಯ ಬಿರುಕಿನಲ್ಲಿ ಸಣ್ಣ ಹುಳ ಇರುತ್ತವೆ, ಸೊಳ್ಳೆಯ ಕಾಲು ಭಾಗ, ಹಾರುವುದಕ್ಕಿಂತ ಜಿಗಿಯುವುದೇ ಹೆಚ್ಚು. ಅದು ಇದೇ ಏನು? ನಾವು ದೊಡ್ಡವರು ಕಚ್ಚಿಸಿಕೊಂಡೇ ಬೆಳೆದವರು. ಈ ಕೂಸಿನ ಕಾಲ ತುಂಬ ಕೆಂಪು ಗುಳ್ಳೆ ಎದ್ದಿವೆ. ನನ್ನ ಫೋನ್ ನಂಬರನ್ನು ಕವರಿನ ಹಿಂದೆ ಬರೆದಿದ್ದೇನೆ. ಬೇಗ ತಿಳಿಸಿ.

ನಿಮ್ಮ ಅಣ್ಣನ ವಯಸ್ಸಿನವನು,
ಬಸಣ್ಣ

*

ಶಿವಾಜಿನಗರ
7 ಜುಲೈ 2025
ಸ್ಪೀಡ್ ಪೋಸ್ಟ್

ಬಸಣ್ಣಾವ್ರೇ,

ನಿಮ್ಮ ಪತ್ರ ಇವತ್ತು ನನ್ನ ಕೈಗೆ ಬಂತು. ಬೇರೆ ಮಾತು ಬೇಡ, ಮೊದಲು ಇದನ್ನು ಓದಿ, ಓದಿದ ತಕ್ಷಣ ಎದ್ದು ಹೋಗಿ.

ಆ ಹುಳವೇ ಮರಳು ನೊಣ. ಧನುಶ್ರೀಯನ್ನು ಆ ಗೋಡೆಯ ಪಕ್ಕ ಇವತ್ತಿನಿಂದಲೇ ಮಲಗಿಸಬೇಡಿ. ಸಿಮೆಂಟಿನ ಮನೆ ಯಾರದಿದ್ದರೂ ಸರಿ, ನಿಮ್ಮ ಅಂಚೆ ಕಚೇರಿಯಾದರೂ ಸರಿ. ಕೈಕಾಲು ಮುಚ್ಚುವ ಬಟ್ಟೆ ಹಾಕಿಸಿ. ಸಣ್ಣ ಕಣ್ಣಿನ ಪರದೆ ಕಟ್ಟಿ, ಸೊಳ್ಳೆ ಪರದೆಯಲ್ಲಿ ಈ ನೊಣ ನುಸುಳುತ್ತದೆ. ಆದಷ್ಟು ಬೇಗ ಅವಳನ್ನು ಬೆಂಗಳೂರಿಗೆ ಕಳಿಸಿಬಿಡಿ.

‘ಕಂಡುಬಂದಿಲ್ಲ’ ಎಂದರೆ ಪಾರಾದ ಹಾಗಲ್ಲ. ಅವಳ ಮೈ ಈ ವೈರಸನ್ನು ಯಾವತ್ತೂ ನೋಡಿಲ್ಲ ಎಂದು ಅರ್ಥ. ನೋಡಿದವರಿಗೆ ಸ್ವಲ್ಪ ರಕ್ಷಣೆ ಇರುತ್ತದೆ, ಅವಳಿಗೆ ಏನೂ ಇಲ್ಲ. ಇಲ್ಲಿ ಹುಟ್ಟಿ ಬೆಳೆದ ಮಕ್ಕಳ ರಕ್ತವೆಲ್ಲ ಹೀಗೇ ಇದೆ, ನಮ್ಮ ಮನೆಯ ಮಕ್ಕಳದ್ದೂ ಹೀಗೇ ಇದೆ. ಬೆಂಗಳೂರಿನ ಆ ಶೀಟಿನ ರೂಮಿನಲ್ಲಿ ಇರುವವರೆಗೆ ಚಿಂತೆ ಇರಲಿಲ್ಲ. ನಾನು ಅದನ್ನು ಯೋಚಿಸಿ ಬರೆದದ್ದು.

ಜ್ವರದ ಜೊತೆ ವಾಂತಿಯಾದರೆ, ಕಣ್ಣು ಮೇಲೆ ಹೋದರೆ, ಕೈಕಾಲು ಅದುರಿದರೆ ಒಂದು ಗಂಟೆಯನ್ನೂ ಕಾಯಬೇಡಿ. ತಾಯಿತ, ಊರ ಡಾಕ್ಟರು, ನಾಳೆ ನೋಡೋಣ, ಯಾವುದೂ ಬೇಡ. ಸೀದಾ ಜಿಲ್ಲಾಸ್ಪತ್ರೆ.

ಫಾರಂನಲ್ಲಿದ್ದ ದುರ್ಗೇಶನ ನಂಬರಿಗೆ ಮಾಡಿದೆ, ಸ್ವಿಚ್ ಆಫ್. ಆಟೋ ಹಿಡಿದು ಬೈಯಪ್ಪನಹಳ್ಳಿಗೆ ಹೋದೆ, ರೂಮಿಗೆ ಬೀಗ. ಪಕ್ಕದ ರೂಮಿನ ಸುಕನ್ಯ, “ಮಂಗಳವಾರ ಅರ್ಜೆಂಟಾಗಿ ಊರಿಗ್ ಹೋದ್ರು ಅಕ್ಕ, ಕೂಸ್ನೂ ಎತ್ಕೊಂಡು” ಅಂದಳು. ಮಗಳನ್ನು ಕರೆತರಲು ಹೋಗಿರಬೇಕು. ತಾಯಿಯ ಮನಸ್ಸಿಗೆ ತಾನೇ ಹೊಳೆದಿದೆ, ದೇವರು ದೊಡ್ಡವನು ಅಂದುಕೊಂಡೆ. ಆದರೂ ಇದನ್ನು ಕಳಿಸುತ್ತಿದ್ದೇನೆ. ಅವರು ಹೊರಟಿದ್ದಾರೆ ಎಂದು ಒಂದು ಸಾಲು ಬರೆಯಿರಿ, ನನಗೆ ಊಟ ಸೇರುತ್ತಿಲ್ಲ.

ಫಹ್ಮಿದಾ

*

ಹಿರೇಸಾಲಗೇರಾ
14 ಜುಲೈ 2025

ಶ್ರೀಮತಿ ಫಹ್ಮಿದಾ ಅವರಿಗೆ,

ನಿಮ್ಮ ಸ್ಪೀಡ್ ಪೋಸ್ಟು ಹತ್ತನೇ ತಾರೀಖು ಬಂತು. ಧನುಶ್ರೀ ತೀರಿಕೊಂಡು ಅವತ್ತಿಗೆ ಒಂಬತ್ತು ದಿನ.

ಜೂನ್ ಮೂವತ್ತು, ಸೋಮವಾರ. ಮಧ್ಯಾಹ್ನ ಶಾಲೆಯಿಂದಲೇ ಮೈ ಬಿಸಿ ಎಂದು ಕಳಿಸಿದರು. ಕಚೇರಿಗೆ ಬಂದಳು, ಸ್ಟಾಂಪು ಕೇಳಲಿಲ್ಲ, ಬೆಂಚಿನ ಮೇಲೆ ಮಲಗಿದಳು. ನಾನೇ ಎತ್ತಿಕೊಂಡು ಮನೆಗೆ ಬಿಟ್ಟು ಬಂದೆ. ಜ್ವರ ಮಕ್ಕಳಿಗೆ ಬರುತ್ತದೆ, ಹೋಗುತ್ತದೆ ಅಂದುಕೊಂಡೆವು. ಮಂಗಳವಾರ ಬೆಳಿಗ್ಗೆ ನಾಲ್ಕು ಸಲ ವಾಂತಿ. ಹತ್ತು ಗಂಟೆಗೆ ಮೈ ಸೆಟೆಯಿತು. ಭೀಮಬಾಯಿ ಈರುಳ್ಳಿ ಜಜ್ಜಿ ಮೂಗಿಗೆ ಹಿಡಿದಳು, ಕೈಗೆ ಕಬ್ಬಿಣ ಕೊಟ್ಟಳು. ಒಂದು ಟಂಟಂ ಆಟೋ ಸಿಕ್ಕಿತು. ಶಹಾಪುರದಲ್ಲಿ ಡಾಕ್ಟರು ನೋಡಿ ಜಿಲ್ಲಾಸ್ಪತ್ರೆಗೆ ಬರೆದುಕೊಟ್ಟರು. ಅಲ್ಲಿ ಮುಟ್ಟುವ ಹೊತ್ತಿಗೆ ಅವಳಿಗೆ ಯಾರ ಗುರುತೂ ಇರಲಿಲ್ಲ. ಸಂಜೆ ನಾಲ್ಕೂ ಕಾಲಿಗೆ ಮುಗಿಯಿತು. ಅಪ್ಪ ಅಮ್ಮ ಆಗ ಇನ್ನೂ ರೈಲಿನಲ್ಲಿದ್ದರು. ನೀವು ಅಂದುಕೊಂಡಿರಲ್ಲ, ಮಗಳನ್ನು ಕರೆತರಲು ಹೊರಟಿದ್ದಾರೆ ಎಂದು, ಅವರು ಹೊರಟದ್ದು ಇದಕ್ಕೆ.

ಈಗ ನಾನು ಕೇಳುತ್ತೇನೆ. ನನ್ನ ಪತ್ರ ‘ಇವತ್ತು’ ಕೈಗೆ ಬಂತು ಎಂದು ಜುಲೈ ಏಳಕ್ಕೆ ಬರೆದಿದ್ದೀರಿ. ನನ್ನ ರಿಜಿಸ್ಟರ್ಡಿನ ಅಕ್ನಾಲೆಜ್‌ಮೆಂಟ್ ಕಾರ್ಡು ನನ್ನ ಮುಂದೆ ಇದೆ. ಹದಿನಾಲ್ಕು ಜೂನ್. ನಿಮ್ಮದೇ ಸಹಿ. ಟಪಾಲಿನವನ ಹತ್ತಿರ ತಾರೀಖಿನ ಸುಳ್ಳು ನಡೆಯುವುದಿಲ್ಲ.

ಹದಿನಾರು ದಿನ ಇತ್ತು ನಿಮಗೆ. ಒಂದು ಫೋನು ಸಾಕಿತ್ತು. ಮೇ ತಿಂಗಳ ನಿಮ್ಮ ಪತ್ರವನ್ನೂ ತೆಗೆದು ಮತ್ತೆ ಓದಿದೆ. ‘ಕಂಡುಬಂದಿಲ್ಲ ಎಂದವರ ಬಗ್ಗೆ ಬರೆಯಲು ಏನೂ ಇಲ್ಲ.’ ನಾನು ಕೇಳಿದ್ದೇ ಅದನ್ನು. ಮಗು ಪಾರಾದ ಹಾಗೆ ತಾನೇ ಎಂದು ಬಿಡಿಸಿ ಕೇಳಿದ್ದೆ. ನಿಮ್ಮ ‘ಚಿಂತೆ ಬಿಡಿ’ ಎಂಬ ಮಾತನ್ನು ಇಡೀ ಊರಿಗೆ ಓದಿ ಹೇಳಿದವನು ನಾನು. ಈಗ ಭೀಮಬಾಯಿಯ ಮುಖವನ್ನು ನಾನು ಹೇಗೆ ನೋಡಲಿ, ನೀವೇ ಹೇಳಿ.

ಬಸಣ್ಣ

*

ಶಿವಾಜಿನಗರ
24 ಜುಲೈ 2025

ಬಸಣ್ಣಾವ್ರೇ,

ಐದು ದಿನದಿಂದ ಬರೆದು ಬರೆದು ಹರಿದು ಹಾಕುತ್ತಿದ್ದೇನೆ.

ಕಾರ್ಡಿನಲ್ಲಿರುವುದೇ ನಿಜ. ಹದಿನಾಲ್ಕಕ್ಕೆ ಸಹಿ ಹಾಕಿ ತೆಗೆದುಕೊಂಡೆ. ಮರುದಿನ ಮೆಹ್ವಿಶ್‌ಳ ನಿಕಾಹ್. ಒಂದು ಕೈಯಲ್ಲಿ ಟೈಲರ್ ಅಂಗಡಿಯ ಚೀಲ, ಇನ್ನೊಂದು ಕೈಯಲ್ಲಿ ನಿಮ್ಮ ಕವರು. ಪೋಸ್ಟ್ ಮಾಸ್ಟರ್ ಕಾಕಾ ಏನೋ ತಮಾಷೆ ಬರೆದಿರುತ್ತಾರೆ, ಮದುವೆ ಮುಗಿಯಲಿ, ಕೂತು ಓದೋಣ ಎಂದು ಬ್ಯಾಗಿಗೆ ಹಾಕಿದೆ. ಮದುವೆಯ ನಂತರ ಬ್ಯಾಗು ಬದಲಾಯಿತು. ಸರ್ವೆ ಮುಗಿದಿತ್ತು, ನನ್ನನ್ನು ಹಲಸೂರಿನ ಬೇರೆ ಕೆಲಸಕ್ಕೆ ಹಾಕಿದ್ದರು. ಜುಲೈ ಏಳಕ್ಕೆ ಹಳೇ ಬ್ಯಾಗು ಕೊಡವುವಾಗ ಸಿಕ್ಕಿತು. ನಿಮ್ಮ ನಂಬರು ಕವರಿನ ಹಿಂದೆ ಇತ್ತು. ಕವರನ್ನು ಹರಿದು ಎಸೆದಿದ್ದೆ, ಆಮೇಲೆ ಕಸದಿಂದ ಹೆಕ್ಕಿದೆ, ಅಷ್ಟರಲ್ಲಿ ಅಂಕಿಗಳು ನೆನೆದು ಅಳಿಸಿದ್ದವು, ಫೋನು ಮಾಡಲಾಗಲಿಲ್ಲ. ‘ಇವತ್ತು ಬಂತು’ ಎಂದು ಸುಳ್ಳು ಬರೆದದ್ದು ನಾಚಿಕೆಯಿಂದ. ಆಗ ಅದು ಬರೀ ನಾಚಿಕೆಯ ವಿಷಯ ಅಂದುಕೊಂಡಿದ್ದೆ.

ಮೊನ್ನೆ ಸರ್ವೆಯ ವರದಿ ಅಚ್ಚಾಗಿ ಬಂತು. ನಾನೂರ ಮೂವತ್ತೊಂದು ಜನ. ಯಾವ ವಯಸ್ಸಿನವರಲ್ಲಿ ನೂರಕ್ಕೆ ಎಷ್ಟು ಜನರಿಗೆ ಸೋಂಕು ಬಂದು ಹೋಗಿದೆ ಎಂದು ಬಣ್ಣ ಬಣ್ಣದ ಚಿತ್ರವಿದೆ. ಹತ್ತು ವರ್ಷದೊಳಗಿನ ‘ಇಲ್ಲ’ ಎಂಬ ಕಂಬದಲ್ಲಿ ಧನುಶ್ರೀ ಇನ್ನೂ ಇದ್ದಾಳೆ. ಚೀಟಿಯಲ್ಲಿ ಎರಡು ಸಾಲು ವಿವರಣೆ ಹಾಕೋಣ ಸರ್ ಎಂದು ನಾನು ಒಮ್ಮೆ ಮೇಲಿನವರನ್ನು ಕೇಳಿದ್ದೆ. ಜಾಗವಿಲ್ಲ ಅಂದರು. ಸುಮ್ಮನಾದೆ. ಸುಮ್ಮನಾದದ್ದೂ ನಾನೇ.

ಈಗ ನಿಮಗೆ ಹೇಳಲೇಬೇಕಾದ ಮಾತು. ನನ್ನ ಮೇಲೆ ಎಷ್ಟು ಸಿಟ್ಟಿದ್ದರೂ ಇದನ್ನು ಪೂರ್ತಿ ಓದಿ.

ಸೌಂದರ್ಯಾ ಬೈಯಪ್ಪನಹಳ್ಳಿಗೆ ವಾಪಸ್ ಬಂದಿದ್ದಾಳೆ. ನಿನ್ನೆ ಹೋಗಿದ್ದೆ. ಆಕೆ ರೂಮಿನ ಒಂದು ಮೂಲೆಯಲ್ಲಿ, ಮಗು ಸುಕನ್ಯಳ ರೂಮಿನಲ್ಲಿ. ಊರಿಂದ ಬಂದ ದಿನದಿಂದ ಆಕೆ ಮಗನನ್ನು ಮುಟ್ಟಿಲ್ಲ. ಹಾಲು ಕುಡಿಸಿಲ್ಲ. ಸುಕನ್ಯ ಪ್ಯಾಕೆಟ್ ಹಾಲು ಕುಡಿಸುತ್ತಿದ್ದಾಳೆ, ಅದು ಅವನಿಗೆ ಒಗ್ಗುತ್ತಿಲ್ಲ, ಭೇದಿ ನಿಲ್ಲುತ್ತಿಲ್ಲ, ತೂಕ ಇಳಿದಿದೆ. ದುರ್ಗೇಶ ಬಾಗಿಲಲ್ಲಿ ಕೂತು ಗೋಡೆ ನೋಡುತ್ತಾನೆ.

“ಯಾಕೆ ಸೌಂದರ್ಯಾ?” ಅಂದೆ. “ನಮ್ಮ ರಕ್ತದಾಗ ಅದರೀ. ಮಗಳಿಗಿ ನಾವೇ ಕೊಟ್ಟೀವಿ. ಕಳಸೋ ಹಿಂದಿನ ದಿನ ತಬ್ಬಿಕೊಂಡು ಮಲಗಿದ್ದೆ. ಇವನಿಗೂ ಕೊಡ್ಲೇನು?” ಅಂದಳು. ಮುಟ್ಟಿದರೆ ಬರುವುದಿಲ್ಲ, ಹಾಲಿನಿಂದ ಬರುವುದಿಲ್ಲ, ಅದು ನೊಣ ಕಚ್ಚಿ ಬಂದದ್ದು ಎಂದು ಕೈ ಮುಗಿದು ಹೇಳಿದೆ. ನಂಬಲಿಲ್ಲ. ಏಕೆ ನಂಬಬೇಕು? “ನೀವು ರಕ್ತ ಒಯ್ದೋರು. ಓದಿ ಹೇಳ್ದಾತ ಬಸಣ್ಣ ಮಾವ. ಇಬ್ರಿಗೂ ಅದ, ಕೂಸಿನ್ನ ಅವರಿಂದ ದೂರ ಮಾಡ್ರಿ, ಊರಿಗಿ ಕರಸ್ರಿ ಅಂತ ಆತನೇ ನಮ್ಮತ್ತಿಗಿ ಹೇಳ್ಯಾನ” ಅಂದಳು.

ಭೀಮಬಾಯಿಯ ಹಟ ಎಂದು ನೀವು ನನಗೆ ಬರೆದಿದ್ದಿರಿ. ಅದಕ್ಕಾಗಿ ನಿಮ್ಮನ್ನು ಚುಚ್ಚಲು ನನಗೆ ಮುಖವಿಲ್ಲ. ಆದರೆ ಆಕೆ ನಂಬುವುದು ನಿಮ್ಮೊಬ್ಬರನ್ನೇ. ಓದಿದ್ದು ತಪ್ಪು ಎಂದು ನೀವೇ ಬರೆಯಬೇಕು, ಓದಿದವರ ಹೆಸರಿನಲ್ಲೇ. ಇಲ್ಲದಿದ್ದರೆ ಈ ಮಗುವೂ ಕೈತಪ್ಪುತ್ತದೆ. ಕಾಲು ಹಿಡಿಯುತ್ತೇನೆ, ತಡ ಮಾಡಬೇಡಿ. ನಾನು ಮಾಡಿದಂತೆ ಮಾಡಬೇಡಿ.

ಫಹ್ಮಿದಾ

*

ಹಿರೇಸಾಲಗೇರಾ
4 ಆಗಸ್ಟ್ 2025

ಫಹ್ಮಿದಾ,

ನಿಮ್ಮ ಪತ್ರ ಬಂದು ಐದು ದಿನವಾಯಿತು. ಮೊದಲ ಎರಡು ದಿನ ನಿಮ್ಮ ಮೇಲೆ ಸಿಟ್ಟು ಮಾಡಿದೆ. ಮೂರನೇ ದಿನ ಜಿಲ್ಲಾಸ್ಪತ್ರೆಯಿಂದ ದುರ್ಗೇಶನ ಹೆಸರಿಗೆ ಕವರು ಬಂತು. ಆಸ್ಪತ್ರೆಯಲ್ಲಿ ತೆಗೆದಿದ್ದ ಧನುಶ್ರೀಯ ರಕ್ತದ ಚೀಟಿ. ಅದೇ ವೈರಸ್ಸು, ಈ ಸಲ ‘ಕಂಡುಬಂದಿದೆ’. ಭೀಮಬಾಯಿ ಓದು ಅಂದಳು. ಓದಿದೆ. ಆಮೇಲೆ ಕಟ್ಟೆಯ ಮೇಲೆ ನಿಂತು, ಮೇ ತಿಂಗಳಲ್ಲಿ ಓದಿದ್ದು ನಾನು ತಪ್ಪು ಓದಿದ್ದೆ, ಕೂಸನ್ನು ಕರೆಸಿ ಎಂದವನೂ ನಾನೇ ಎಂದು ಎಲ್ಲರ ಎದುರಿಗೆ ಹೇಳಿದೆ. ಯಾರೂ ಬೈಯಲಿಲ್ಲ. ಭೀಮಬಾಯಿ ಎದ್ದು ಮನೆಗೆ ಹೋದಳು. ಅವತ್ತಿನಿಂದ ಜನ ಕವರುಗಳನ್ನು ಮಾಸ್ತರ ಹತ್ತಿರ ಒಯ್ಯುತ್ತಾರೆ.

ಕೆಳಗಿನದನ್ನು ಸೌಂದರ್ಯಾಳಿಗೆ ಓದಿ ಹೇಳಿ. ಒಂದು ಅಕ್ಷರವನ್ನೂ ಬದಲಿಸಬೇಡಿ, ನನ್ನನ್ನು ಉಳಿಸಲು ಹೋಗಬೇಡಿ.

ಅವ್ವಾ ಸೌಂದರ್ಯಾ,

ನಾನು ನಿಮ್ಮ ಬಸಣ್ಣ ಮಾವ. ನಾನು ಓದಿದ್ದು ತಪ್ಪದವ್ವ. ನಿನ್ನ ರಕ್ತದಾಗ, ದುರ್ಗೇಶನ ರಕ್ತದಾಗ ಇದ್ದದ್ದು ರೋಗ ಅಲ್ಲ. ಸಣ್ಣವರಿದ್ದಾಗ ನಿಮಗ ಬಂದು ಹೋಗಿದ್ದರ ಗುರುತು ಅದು. ನನ್ನ ರಕ್ತ ತಗದ್ರೂ ಅದೇ ಇರ್ತದ, ಭೀಮಬಾಯಿದು ತಗದ್ರೂ ಇರ್ತದ. ಅದು ಯಾರಿಗೂ ತಗಲಂಗಿಲ್ಲ. ಮುಟ್ಟಿದ್ರ ತಗಲಂಗಿಲ್ಲ, ತಬ್ಬಿಕೊಂಡ್ರ ತಗಲಂಗಿಲ್ಲ, ಹಾಲು ಕುಡಿಸಿದ್ರ ತಗಲಂಗಿಲ್ಲ. ನಿನ್ನ ಮಗಳಿಗಿ ನೀನು ಏನೂ ಕೊಟ್ಟಿಲ್ಲ. ಇಲ್ಲಿ ಗ್ವಾಡ್ಯಾಗಿನ ಹುಳ ಕಡದು ಬಂತು. ಆ ಗ್ವಾಡಿ ಬಾಜು ಆಕಿನ್ನ ತಂದು ಮಲಗಿಸಿದ್ದು ನನ್ನ ಮಾತು. ನಿಮ್ಮತ್ತಿ ಹಟ ಅಲ್ಲ, ನನ್ನ ಮಾತು. ಗೊತ್ತಿಲ್ಲ ಅಂತ ಹೇಳಾಕ ನನಗ ನಾಚಿಕಿ ಆತು, ಅದಕ್ಕ ಗೊತ್ತಿದ್ದಂಗ ಹೇಳ್ದೆ. ಇಪ್ಪತ್ತೊಂಬತ್ತು ವರ್ಷದಾಗ ಒಂದು ಸಲಾನೂ ನಾನು ಗೊತ್ತಿಲ್ಲ ಅಂದಿಲ್ಲ.

ಸಣ್ಣಾಂವನ್ನ ಎತ್ತಿಕೋ. ನನ್ನ ಮಾತು ಒಂದು ಸಲ ಕೇಳಿ ಕೆಟ್ಟೀರಿ, ಇನ್ನೊಂದು ಸಲ ಕೇಳು ಅನ್ನಾಕ ಬಾಯಿ ಇಲ್ಲ. ಆದ್ರೂ ಕೇಳು. ಅವನ್ನ ಮಳಿಗಾಲದಾಗ ಈ ಊರಿಗಿ ತರಬ್ಯಾಡ.

ಬಸಣ್ಣ

*

ಶಿವಾಜಿನಗರ
17 ಆಗಸ್ಟ್ 2025

ಬಸಣ್ಣಾವ್ರೇ,

ಪತ್ರ ಬಂದ ದಿನವೇ, ಬಂದ ಗಂಟೆಯಲ್ಲೇ ತೆಗೆದುಕೊಂಡು ಹೋದೆ.

ಸುಕನ್ಯ ಮಗುವನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತಳು. ದುರ್ಗೇಶ ಕೆಲಸಕ್ಕೆ ಹೋಗಿರಲಿಲ್ಲ. ನೀವು ಹೇಳಿದ ಹಾಗೇ ಓದಿದೆ, ಒಂದು ಅಕ್ಷರವನ್ನೂ ಬದಲಿಸಲಿಲ್ಲ. ನಿಮ್ಮ ಕಡೆಯ ಮಾತು ನನ್ನ ಬಾಯಲ್ಲಿ ಸರಿಯಾಗಿ ಹೊರಳುವುದಿಲ್ಲ. ‘ಗ್ವಾಡಿ’ ಎಂಬಲ್ಲಿ ತಡವರಿಸಿದಾಗ ದುರ್ಗೇಶ ತಿದ್ದಿದ. ಅಷ್ಟು ದಿನಗಳಲ್ಲಿ ಆತ ನನ್ನ ಎದುರಿಗೆ ಆಡಿದ ಮೊದಲ ಮಾತು ಅದು.

“ಇನ್ನೊಂದು ಸಲ ಓದ್ರಿ” ಅಂದಳು ಸೌಂದರ್ಯಾ. ಓದಿದೆ. ಮೂರನೇ ಸಲವೂ ಓದಿಸಿದಳು. ‘ನಿನ್ನ ಮಗಳಿಗಿ ನೀನು ಏನೂ ಕೊಟ್ಟಿಲ್ಲ’ ಎಂಬ ಸಾಲು ಎಲ್ಲಿದೆ ತೋರಿಸಿ ಎಂದು ಬೆರಳಿಟ್ಟು ನೋಡಿದಳು. ಆಕೆಗೆ ಓದು ಬರುವುದಿಲ್ಲ. ಆಮೇಲೆ ಎದ್ದು ಸುಕನ್ಯಳ ಕೈಯಿಂದ ಮಗುವನ್ನು ತೆಗೆದುಕೊಂಡಳು. ಎದೆಗೆ ಹಚ್ಚಿಕೊಂಡಳು. ಹಾಲು ಬತ್ತಿದೆ. ಮಗು ಎಳೆದು ಎಳೆದು ಅತ್ತಿತು, ಆದರೂ ಬಿಡಲಿಲ್ಲ. ಮತ್ತೆ ಮತ್ತೆ ಕುಡಿಸುತ್ತಿದ್ದರೆ ಹಾಲು ಬರಬಹುದು ಎಂದು ನಮ್ಮ ನರ್ಸ್ ಆಬಿದಾ ಹೇಳಿದ್ದಾಳೆ. ನಿನ್ನೆ ಭೇದಿ ಸ್ವಲ್ಪ ಕಮ್ಮಿಯಾಗಿದೆ. ಇದನ್ನು ನಿಮಗೆ ತಿಳಿಸಬೇಕಿತ್ತು. ನಿಮ್ಮ ಪತ್ರ ಕೆಲಸ ಮಾಡಿತು.

ಆದರೆ ನಡೆದದ್ದು ಅಷ್ಟೇ ಅಲ್ಲ, ಉಳಿದದ್ದನ್ನೂ ನಿಮಗೆ ಹೇಳದೆ ಇರಲಾರೆ. ಇನ್ನು ಮೇಲೆ ನಾನು ಏನನ್ನೂ ಬಿಟ್ಟು ಬರೆಯುವುದಿಲ್ಲ.

ಮಗುವನ್ನು ಎದೆಗೆ ಒತ್ತಿಕೊಂಡು ಆಕೆ ಅವನ ಬೆನ್ನು ಸವರುತ್ತಿದ್ದಳು. ಹೊರಗೆ ಡಿಪೋ ಕಡೆಯಿಂದ ಮೆಟ್ರೋ ಹೋಗಿ ಬರುತ್ತಿತ್ತು. ನಾನು ಪತ್ರ ಮಡಚಿ ಎದ್ದೆ. ಆಗ ಕೇಳಿದಳು.

“ಹಂಗಾದ್ರ ನನ್ನ ಹತ್ರಾನೇ ಇಟ್ಟುಕೊಂಡಿದ್ರ, ಈ ರೂಮಿನ್ಯಾಗೇ ಇಟ್ಟುಕೊಂಡಿದ್ರ, ನನ್ನ ಮಗಳು ಬದಕತಿದ್ಲೇನ್ರಿ?”

ದುರ್ಗೇಶ ನನ್ನ ಕಡೆ ನೋಡಿ ತಲೆ ಅಲ್ಲಾಡಿಸಿದ, ಹೇಳಬೇಡಿ ಎಂಬಂತೆ. ಹೇಳದೆ ಬಿಡಬಹುದಿತ್ತು. ಯಾರಿಗೆ ಗೊತ್ತು, ದೇವರ ಇಚ್ಛೆ ಎಂದು ಏನಾದರೂ ಅಂದು ಬರಬಹುದಿತ್ತು. ನಿಮ್ಮ ಪತ್ರವನ್ನು ಮೂರು ಸಲ ಓದಿದ ಬಾಯಿಂದ ಅದು ಹೊರಡಲಿಲ್ಲ, ಬಸಣ್ಣಾವ್ರೇ.

“ಹೌದು ಸೌಂದರ್ಯಾ, ಬದುಕ್ತಿದ್ಲು” ಅಂದೆ.

ಫಹ್ಮಿದಾ